ಹಂಡೆ ಎಂಬ ಅಡ್ಡಹೆಸರು

ಅಪ್ಪಾ, ನಿನ್ನ ಹಿರಿ ಮಗಳು ನಂದಾ ಉಮರ್ಗಾದಿಂದ ಬರೆಯುತ್ತಿದ್ದೇನೆ,

"ಮಗಳ ಎಲ್ಲಿದ್ದಾಳ? ಹಂಡೆ ಬಾಗಲಾಗ ಬಂದು ನಿಂತದ, ಮಗಳಿಗಿ ಕರೀರಿ!" ನಿಲಂಗಾದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ನೀನು ಹೀಗೆ ಕೂಗುತ್ತಿದ್ದುದು ಇವತ್ತು ಬೆಳಗಿನಿಂದ ಕಿವಿಯಲ್ಲೇ ಇದೆ. ಅವ್ವ ಬಾಗಿಲ ಪಕ್ಕದಲ್ಲೇ ನಿಂತಿರುತ್ತಿದ್ದಳು, ಕೈ ಚಾಚಿದರೆ ಸಾಕಿತ್ತು. ಆದರೂ ಅವಳು ಮುಟ್ಟುವ ಹಾಗಿರಲಿಲ್ಲ. ನಾನು ಹಿತ್ತಿಲಲ್ಲಿ ಶೇಂಗಾ ಸುಲಿಯುತ್ತಿರಲಿ, ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿರಲಿ, ಎದ್ದು ಓಡಿ ಬರಬೇಕಿತ್ತು. ಹಂಡೆಯೊಳಗೆ ಕೈ ಇಳಿಸಿ, ಮದುವೆಗೆಂದು ಒಯ್ದವರು ತಳದಲ್ಲಿ ಇಟ್ಟು ತಂದದ್ದನ್ನು ಉಡಿಯಲ್ಲಿ ಹಾಕಿಕೊಳ್ಳಬೇಕಿತ್ತು. ಆಮೇಲೆಯೇ ಹಂಡೆ ಹೊಸ್ತಿಲು ದಾಟುತ್ತಿತ್ತು. ನನಗೇನು, ಖುಷಿಯೋ ಖುಷಿ. ಒಮ್ಮೊಮ್ಮೆ ಬೆಲ್ಲದ ಹೆಂಟೆ ಸಿಗುತ್ತಿತ್ತಲ್ಲ!

ಶಾಲೆಯಿಂದ ನಾನು ಅಳುತ್ತಾ ಬಂದ ದಿನ ನಿನಗೆ ನೆನಪಿದೆಯಾ? ಹಾಜರಿ ಕರೆಯುವಾಗ ಗುರುಗಳು "ಮಹಾನಂದಾ ಹಂಡೆ" ಎಂದರೆ ಸಾಕು, ಹಿಂದಿನ ಸಾಲಿನ ಹುಡುಗಿಯರು ಕಿಸಕ್ಕನೆ ನಗುತ್ತಿದ್ದರು. ಒಬ್ಬಳಂತೂ, ತುಂಬಿದ ಹಂಡೆಯೋ ಖಾಲಿ ಹಂಡೆಯೋ ಎಂದು ಕೇಳಿಯೇ ಬಿಟ್ಟಳು. ನನಗೆ ಬೇರೆ ಹೆಸರು ಇಡು ಅಂತ ನಿನ್ನ ಮುಂದೆ ಹಟ ಹಿಡಿದೆ. ನೀನು ನನ್ನನ್ನು ಎತ್ತಿ ಆ ತಾಮ್ರದ ಹಂಡೆಯೊಳಗೆ ನಿಲ್ಲಿಸಿದೆ. ನನ್ನ ತಲೆ ಮಾತ್ರ ಹೊರಗೆ. "ಈಗ ಕೇಳು ಮಗಳ. ಈ ಊರಾಗ ಅರ್ಧ ಹೆಣ್ಣಮಕ್ಕಳು ಮದಮಗಳಾಗಿದ್ದು ಇದರ ನೀರಾಗ. ನಾಳಿ ನಗೋರಿಗಿ ಹೇಳು, ನಿಮ್ಮವ್ವನ ಸುರಗಿ ನೀರು ಯಾರ ಹಂಡ್ಯಾಗ ಕಾದಿತ್ತು, ಕೇಳ್ಕೊಂಡ ಬರ್ರಿ ಅನ್ನು." ಮರುದಿನ ನಾನು ಹಾಗೇ ಅಂದೆ. ಅವರು ಕೇಳಿಕೊಂಡೂ ಬಂದರು. ಆಮೇಲೆ ಹಿಂದಿನ ಸಾಲಿನಿಂದ ನಗು ಬರಲಿಲ್ಲ.

ಮದುವೆಯ ಕಾಲ ಬಂದರೆ ನಮ್ಮ ಮನೆಯಲ್ಲಿ ಹಂಡೆ ಒಂದು ದಿನವೂ ಕೂರುತ್ತಿರಲಿಲ್ಲ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಮದುಮಗಳನ್ನು ಕೂರಿಸಿ ಎರೆಯುವ ಸುರಗಿ ನೀರು ಕಾಯುವುದು ಅದರಲ್ಲೇ. ಲಿಂಗವಂತರ ಮನೆಯಾಯಿತು, ಬೀರಪ್ಪನ ಒಕ್ಕಲಾದ ಕುರಿಯವರ ಮನೆಯಾಯಿತು, ಹಿಂದಿನ ಓಣಿಯ ಮುಸ್ಲಿಮರ ಮನೆಯಲ್ಲಿ ನಿಕಾಹದ ಮುಂಚಿನ ಅರಿಶಿನದ ಸ್ನಾನವಾಯಿತು, ಇಬ್ಬರು ಗಂಡಸರು ಹಂಡೆಯ ಕಿವಿಗಳಲ್ಲಿ ಬಿದಿರ ಗಳ ತೂರಿಸಿ ಹೊತ್ತು ನಡೆಯುವರು. ನೀನು ಯಾರಿಂದಲೂ ಬಾಡಿಗೆ ಮುಟ್ಟಲಿಲ್ಲ. ಇದ್ದದ್ದು ಎರಡೇ ಕಟ್ಟಳೆ. ತಿರುಗಿ ತರುವಾಗ ಬರಿ ಹಂಡೆ ತರಬಾರದು. ಒಂದು ಬೊಗಸೆ ಜೋಳವೋ, ಒಣ ಕೊಬ್ಬರಿಯೋ, ಕುರಿಯವರಾದರೆ ದೇವರ ಭಂಡಾರದ ಅರಿಶಿನ ಚಿಟಿಕೆಯೋ ಇರಬೇಕು. ಮತ್ತೆ, ರಸ್ತೆಯಿಂದಲೇ "ಹಂಡೆ ಬಂತ್ರೀ!" ಎಂದು ಕೂಗಬೇಕು, ಮನೆ ಮಗಳು ಬಂದು ತೆಗೆದುಕೊಳ್ಳಬೇಕು. ಸೊಸೆ ಯಾಕೆ ತೆಗೆದುಕೊಳ್ಳಬಾರದು ಅಂತ ಅವ್ವ ಒಮ್ಮೆ ಕೇಳಿದ್ದಕ್ಕೆ ನೀನು, "ಹಂಗ ನಡ್ಕೊಂಡ ಬಂದದ" ಎಂದು ಎದ್ದು ಹೋಗಿದ್ದೆ. ಅಲ್ಲಾ, ಅವ್ವನಿಗಾದರೂ ಹೇಳಬಾರದಿತ್ತೇ?

ಬೀಗರು, ನೆಂಟರು ಬಂದಾಗ ನೀನು ಹೇಳುತ್ತಿದ್ದ ಕಥೆ ನೆನೆದರೆ ಈಗಲೂ ನಗು ಬರುತ್ತದೆ. ನಿಜಾಮನ ಕಾಲದಲ್ಲಿ ಒಬ್ಬ ದೊಡ್ಡ ಅಧಿಕಾರಿ ಬಿಸಿಲಲ್ಲಿ ಬಾಯಾರಿ ಬಂದನಂತೆ. ನಿನ್ನ ಮುತ್ತಜ್ಜ ಬಸಲಿಂಗಪ್ಪ ಹಂಡೆಗಟ್ಟಲೆ ನೀರು ಕೊಟ್ಟು ಅವನನ್ನೂ ಅವನ ದಂಡನ್ನೂ ಉಳಿಸಿದನಂತೆ. ಇನ್ನು ಮೇಲೆ ನಿಮ್ಮ ಮನೆತನಕ್ಕೆ ಹಂಡೆ ಎಂದೇ ಹೆಸರು ಎಂದು ಅವನು ಹೇಳಿ ಹೋದನಂತೆ. ನಾನು ಚಿಕ್ಕವಳಿದ್ದಾಗ ಅಧಿಕಾರಿ ಕುದುರೆ ಮೇಲೆ ಬರುತ್ತಿದ್ದ. ನನ್ನ ಲಗ್ನ ಗೊತ್ತು ಮಾಡಲು ಬಂದವರ ಮುಂದೆ ಅವನು ಆನೆ ಮೇಲೆ ಬಂದ! ಹಂಡೆಯ ಹೊಟ್ಟೆಯಲ್ಲಿರುವ ತಗ್ಗು ಆ ಆನೆಯ ದಂತ ತಾಗಿ ಆದದ್ದಂತೆ. ಒಳಗೆ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಿನ್ನ ಮುಖದಲ್ಲಿ ಮಾತ್ರ ನಗುವಿನ ಗೆರೆಯೂ ಇರಲಿಲ್ಲ.

ನನ್ನ ಸುರಗಿಯ ದಿನ ಹಂಡೆ ಎಲ್ಲಿಗೂ ಹೋಗಲಿಲ್ಲ, ನಮ್ಮ ಅಂಗಳದಲ್ಲೇ ಉರಿಯ ಮೇಲೆ ಕೂತಿತು. ಮೊದಲ ತಂಬಿಗೆ ನೀರು ಎರೆದಾಗ ನೀನು ತೊಲೆಕಂಬದ ಹಿಂದೆ ನಿಂತು ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ, ಅಪ್ಪಾ. ಅವತ್ತಿಗೆ ನಾನು ಹಂಡೆ ಅಲ್ಲ, ಬಿರಾಜದಾರ ಆದೆ. ತಂಗಿಯರಿಬ್ಬರೂ ಒಂದೊಂದು ಹೆಸರಿಗೆ ಹೋದರು. ಗಂಡುಮಗ ಇಲ್ಲ ಎಂದು ಜನ ನಿನ್ನ ಮುಂದೆ ಅಯ್ಯೋ ಅನ್ನುವಾಗ, "ಹಂಡೆ ತೊಗೊಳ್ಳಾಕ ಮಗಳ ಬೇಕಾಗ್ತಾಳ, ನನ್ನ ಬಲ್ಲಿ ಮೂರು ಮಂದಿ ಅದಾರ" ಅನ್ನುತ್ತಿದ್ದೆ. ನಾವು ಅದನ್ನು ನಿನ್ನ ಸಮಾಧಾನದ ಮಾತು ಅಂದುಕೊಂಡಿದ್ದೆವು.

ನಿನ್ನನ್ನು ಹೊಲದಲ್ಲಿ ಮಣ್ಣು ಮಾಡಿ, ಶಿವಗಣಾರಾಧನೆಗೆ ಎಲ್ಲರೂ ಸೇರಿದ ದಿನ ನಡೆದದ್ದನ್ನು ನಿನಗೆ ಹೇಳಲೇಬೇಕು. ಊಟ ಮುಗಿದಿತ್ತು, ಐನೋರು ಹೊರಟು ಹೋಗಿದ್ದರು. ದೊಡ್ಡಪ್ಪನ ಮಗ ರಾಜಣ್ಣ ಹಂಡೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತ. ಗುತ್ತೇದಾರಿ ಶುರು ಮಾಡಿದ ಮೇಲೆ ಅವನು ಹಂಡೆ ಬಿಟ್ಟು ಪಾಟೀಲ ಅಂತ ಹಾಕಿಕೊಂಡದ್ದು, ನೀನು ವರ್ಷಗಟ್ಟಲೆ ಅವನ ಹತ್ತಿರ ಮಾತು ಬಿಟ್ಟದ್ದು ನಿನಗೆ ಗೊತ್ತೇ ಇದೆ. ಅಂಥವನು ಹಂಡೆಯ ಮೇಲೆ ಕೈಯಿಟ್ಟು ಅಂದ: "ಕಾಕಾನ ಸಂಗಟ ಹಂಡೆ ಅನ್ನೋ ಹೆಸರು ಮುಗೀತು. ಹೆಣ್ಣಮಕ್ಕಳು ಮೂರೂ ಮಂದಿ ಹೊರಗಿನವರಾದ್ರು. ಇನ್ನ ಇದು ನಮ್ಮ ಮನಿಗಿ ಬರಬೇಕು. ಹೊಸ ಬಂಗಲೆದಾಗ ಪಾಲಿಶ್ ಮಾಡ್ಸಿ, ಮ್ಯಾಲೊಂದು ಲೈಟ್ ಹಾಕ್ಸಿ ಇಡ್ತೀನಿ. ನೋಡ್ದವ್ರು ನೋಡ್ತಾರ."

ಹೆಸರು ಮುಗೀತು! ನಿನ್ನ ಮೇಲೆ ಹಾಕಿದ ಮಣ್ಣು ಇನ್ನೂ ಹಸಿ ಇತ್ತು. ಅಷ್ಟರಲ್ಲಿ ಉದಗೀರದಿಂದ ಬಂದಿದ್ದ ನಿನ್ನ ಅಕ್ಕ, ನಮ್ಮ ಗುರುಬಾಯಿ ಅತ್ಯಾ, ಗೋಡೆ ಹಿಡಿದು ಎದ್ದಳು.

"ಏ ರಾಜ್ಯಾ, ಪಾಟೀಲ ಆಗಿದ್ದಿ ಅಲ್ಲಾ, ಪಾಟೀಲನಾಗೇ ಇರು. ಹಂಡೆಗಿ ಯಾಕ ಕೈ ಹಚ್ಚತಿ?"

"ಅತ್ಯಾ, ಇದು ಖಾನದಾನದ ಮಾತ ಅದ. ಮನಿತನದ ಹೆಸರು, ಆಡನಾವ, ಗಂಡಸ್ರಿಂದ ನಡೀತದ."

"ಹೌದಾ? ಹಂಗಾದ್ರ ಹೇಳು, ಈ ಆಡನಾವ ಯಾವ ಗಂಡಸ ತಂದಾನ?"

"ಬಸಲಿಂಗಪ್ಪ ಮುತ್ತ್ಯಾ. ಆನಿ ಮ್ಯಾಲ ಬಂದ ಅಧಿಕಾರಿಗಿ ನೀರು ಕುಡಿಸಿದಾಂವ. ಎಲ್ಲಾರಿಗೂ ಗೊತ್ತದ."

ಅತ್ಯಾ ನಕ್ಕಳು ನೋಡು, ಹಲ್ಲಿಲ್ಲದ ಬಾಯಿ ಪೂರಾ ತೆರೆದು ನಕ್ಕಳು. "ಆನಿ! ನಿಲಂಗಾಕ್ಕ ಆನಿ ಬಂದಿತ್ತಂತ! ಬಸಲಿಂಗಪ್ಪ ಮುತ್ತ್ಯಾ ಘರಜಾವಾಯಿ ಇದ್ದ, ತಮ್ಮಾ. ಹೆಂಡ್ತಿ ಮನ್ಯಾಗ ಬಂದು ಉಳದಾಂವ. ಹಂಡೆ ಆಕಿದು, ಹೆಸರು ಆಕಿದು."

ಅತ್ಯಾ ಹಂಡೆಯ ಪಕ್ಕ ನೆಲದ ಮೇಲೆ ಕೂತಳು, ನಿಧಾನವಾಗಿ ಎಲ್ಲವನ್ನೂ ಹೇಳಿದಳು. ಬಸಲಿಂಗಪ್ಪನ ಹೆಂಡತಿಯ ಹೆಸರು ಸಂಗವ್ವ. ತಾಯಿ ತಂದೆಗೆ ಒಬ್ಬಳೇ ಮಗಳು. ಅವಳ ಸುರಗಿಗೆಂದು ಅವಳಪ್ಪ ಉದಗೀರದ ಪೇಟೆಯಲ್ಲಿ ತಾಮ್ರ ಬಡಿಯುವ ತಾಂಬಟಗಾರರ ಮುಂದೆ ಕೂತು ಈ ಹಂಡೆ ಬಡಿಸಿ ತಂದನಂತೆ. ಅಷ್ಟು ದೊಡ್ಡ ಹಂಡೆ ಆ ಓಣಿಯಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಮದುವೆ ಮುಗಿದದ್ದೇ ತಡ, ಪಕ್ಕದ ಮನೆಯವರು ಕೇಳಿದರು, ಆಮೇಲೆ ಹಿಂದಿನ ಓಣಿಯವರು. ನನ್ನ ಬಳುವಳಿ ಹಂಡೆ, ಯಾರು ಕೇಳಿದರೂ ಕೊಡುತ್ತೇನೆ ಅಂದಳಂತೆ ಸಂಗವ್ವ. ಹೊಲ, ಮನೆ, ಎಲ್ಲ ಅವಳ ಅಪ್ಪನದು. ಶಿರೂರ ಅನಂತಪಾಳದ ಬಡವರ ಮನೆಯ ಹುಡುಗ ಬಸಲಿಂಗಪ್ಪ ಲಗ್ನವಾಗಿ ಅದೇ ಮನೆಗೆ ಬಂದ. ಊರಿನವರು ಅವನನ್ನು ಗುರುತಿಸಲು "ಹಂಡೆಯವರ ಅಳಿಯ" ಅಂದರು. ಅವನ ಮಕ್ಕಳು ಹಂಡೆಯವರ ಮಕ್ಕಳಾದರು. ಅಷ್ಟೇ ಅಪ್ಪಾ, ನಮ್ಮ ಹೆಸರಿನ ಹುಟ್ಟು.

"ಮತ್ತ ಆ ತಗ್ಗು, ಅತ್ಯಾ?" ನಾನು ಕೇಳಿದೆ.

"ಅದಾ? ಹೊಸ ಅಳಿಯ, ಜೋರು ತೋರಸಬೇಕಂತ ಒಬ್ಬನೇ ಹಂಡೆ ಎತ್ತಿದ. ಬಾವಿ ಕಲ್ಲಿನ ಮ್ಯಾಲ ಧಡಂ ಅಂತ ಕೆಡವಿದ. ಹೆಣ್ಣಮಕ್ಕಳೆಲ್ಲಾ ನಕ್ಕು ನಕ್ಕು ಸುಸ್ತಾದ್ರಂತ. ಸಂಗವ್ವ ಮಾತ್ರ, ಇರ್ಲಿ, ತಗ್ಗು ತೆಗಸಬ್ಯಾಡ್ರಿ, ಅಂವಾ ಬಂದ ದಿನದ ಗುರ್ತು ಅದು ಅಂದ್ಳಂತ."

ಎಲ್ಲರೂ ನಕ್ಕರು, ನಾನು ಅತ್ತೆ. ಇಷ್ಟು ಚೆಂದದ ಮಾತನ್ನು ಮುಚ್ಚಿಟ್ಟು ನಾವು ಎಲ್ಲಿಂದಲೋ ಆನೆ ಕರೆತಂದೆವಲ್ಲ! ಹೆಂಡತಿ ಮನೆಯ ಅನ್ನ ತಿಂದವನು ಎಂದು ಬೀಗರು ಆಡಿಕೊಂಡಾರು ಅಂತ ಅವನ ಗಂಡುಮಕ್ಕಳು ನಾಚಿದರಂತೆ. ಮನೆ ಗಂಡಸರ ಬಾಯಲ್ಲಿ ಕಥೆ ಬದಲಾಯಿತು. ಆದರೆ ಹೆಂಗಸರು ಹುಣಸೆಹಣ್ಣು ಹಚ್ಚಿ ಹಂಡೆ ತಿಕ್ಕುವಾಗ ಮಗಳಿಂದ ಮಗಳಿಗೆ ಹೇಳುತ್ತಾ ಬಂದರು. ಅತ್ಯಾಳಿಗೆ ಅವಳ ಸೋದರತ್ತೆ ಹೇಳಿದ್ದಳು. ಅತ್ಯಾ ನಿನಗೆ ಹೇಳಿದ್ದಳು. ಚಿಕ್ಕ ಹುಡುಗನಾಗಿದ್ದ ನೀನು ನೆಂಟರ ಮುಂದೆ ಅದನ್ನು ಒದರಿಬಿಟ್ಟೆ, ಅಜ್ಜ ನಿನ್ನ ಕಪಾಳಕ್ಕೆ ಬಾರಿಸಿದ. "ಅವತ್ತಿನಿಂದ ನಿಮ್ಮಪ್ಪ ಬಾಯಿ ಮುಚ್ಚಿಕೊಂಡ. ಖರೇ, ಮಗಳಿಗಿ ಕರಿಯೋದು ಮಾತ್ರ ಬಿಡಲಿಲ್ಲ. ಸೊಸಿ ಯಾಕ ತೊಗೋಬಾರದು? ಆವಾಗ ಆ ಮನ್ಯಾಗ ಸೊಸಿನೇ ಇರಲಿಲ್ಲ. ಮಗಳೇ ಇದ್ಲು." ಅತ್ಯಾ ಹೀಗೆ ಅಂದಾಗ ನಿನ್ನ ಕೂಗು, ನನ್ನ ಓಟ, ಉಡಿಯಲ್ಲಿ ಬಿದ್ದ ಬೆಲ್ಲ, ಎಲ್ಲಾ ಒಮ್ಮೆಲೆ ಕಣ್ಣ ಮುಂದೆ ಬಂತು. ಗೊತ್ತಿದ್ದೇ ಕರೆಯುತ್ತಿದ್ದೆಯಾ ನನ್ನನ್ನು? ಬಾಯಲ್ಲಿ ಹೇಳಲಾಗದ್ದನ್ನು ಹಾಗೆ... ಹೋಗಲಿ ಬಿಡು. ನಿನಗೆ ಗೊತ್ತಿತ್ತು. ನನಗೆ ಅಷ್ಟು ಸಾಕು.

ಹಂಡೆ ಹಿರಿ ಮಗಳೇ ಒಯ್ಯಲಿ ಎಂದಳು ಅತ್ಯಾ. ರಾಜಣ್ಣ ಅಷ್ಟು ಸುಲಭಕ್ಕೆ ಬಗ್ಗುವವನೇ? "ಸರಿ, ನಂದಾ ಒಯ್ಯಲಿ. ಬಿರಾಜದಾರರ ಮನ್ಯಾಗ ಹಂಡೆ ಅನ್ನೋ ಹೆಸರು ಎಷ್ಟು ದಿನ ನಡೀತದ, ನಾನೂ ನೋಡ್ತೀನಿ" ಅಂದ. ಎಲ್ಲರ ಕಣ್ಣು ನಮ್ಮ ಮನೆಯವರ ಕಡೆ ತಿರುಗಿತು. ನಿನ್ನ ಅಳಿಯ ಹೇಗೆ ಅಂತ ನಿನಗೆ ಗೊತ್ತಲ್ಲ, ಮೂರು ಮಾತಿನ ಜಾಗದಲ್ಲಿ ಅರ್ಧ ಮಾತು ಆಡುವವರು. ಅವರು ಎದ್ದು ಹಂಡೆಯನ್ನು ಸುತ್ತಲೂ ನೋಡಿ, "ಟೆಂಪೋದಾಗ ಹಿಡಸ್ತದ" ಅಂದರು. ಅಷ್ಟೇ. ಇಬ್ಬರನ್ನು ಕರೆದು ಬಿದಿರು ತೂರಿಸಿದರು. ಒಬ್ಬರೇ ಎತ್ತಲು ಹೋಗಬೇಡಿ, ಇನ್ನೊಂದು ತಗ್ಗು ಬಿದ್ದೀತು ಎಂದು ಅತ್ಯಾ ಕೂಗಿದಾಗ ಮಣ್ಣು ಕೊಟ್ಟು ಬಂದ ಮನೆ ಅನ್ನುವುದನ್ನೂ ಮರೆತು ಜನ ನಕ್ಕರು. ನೀನಿದ್ದಿದ್ದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ.

ಉಮರ್ಗಾದಲ್ಲಿ ಹೆದ್ದಾರಿ ಪಕ್ಕದ ನಮ್ಮ ಖಾನಾವಳಿ ನೀನು ನೋಡಿದ್ದೇ. ಅದರ ಮುಂದಿನ ಬೇವಿನ ಗಿಡದ ಕೆಳಗೆ ಕಟ್ಟೆ ಕಟ್ಟಿಸಿ ಹಂಡೆ ಇಟ್ಟೆ. ಬೇಸಿಗೆ ಶುರುವಾಗಿತ್ತು. ಸುಮ್ಮನೆ ಯಾಕಿರಬೇಕು ಅಂತ ತೊಳೆದು, ಕುಡಿಯುವ ನೀರು ತುಂಬಿ, ಒದ್ದೆ ಬಟ್ಟೆ ಸುತ್ತಿದೆ. ಬಸ್ಸಿನವರು, ಹೈದರಾಬಾದ್ ಕಡೆಯ ಲಾರಿಯವರು, ಪೇಟೆಗೆ ಬಂದ ರೈತರು ನಿಂತು ಕುಡಿದು ಹೋಗತೊಡಗಿದರು. "ತಾಈ, ಹಂಡ್ಯಾತಲಂ ಪಾಣೀ ದ್ಯಾ" ಎಂದು ಮರಾಠಿಯವರು ಕೇಳಿದರೆ, "ಹಂಡ್ಯಾನ ನೀರು ಕೊಡವಾ" ಎಂದು ನಮ್ಮವರು. ನಿನ್ನ ಅಧಿಕಾರಿಯೊಬ್ಬ ಬರುವುದು ಮಾತ್ರ ಬಾಕಿ ಇದೆ, ಆನೆ ಕಟ್ಟಲು ಜಾಗ ಬಿಟ್ಟಿದ್ದೇನೆ!

ಮೊದಲ ಸಲ ಸುರಗಿಗೆ ಹಂಡೆ ಕೇಳಿ ಬಂದವರು ನಮ್ಮ ಓಣಿಯ ಕುರಿಯವರು. ಇಲ್ಲಿಯವರಿಗೆ ನಮ್ಮ ರಿವಾಜು ಗೊತ್ತಿರಲಿಲ್ಲ, ನಾನೇ ಹೇಳಿಕೊಟ್ಟೆ. ಬರಿ ಹಂಡೆ ತರಬಾರದು, ರಸ್ತೆಯಿಂದ ಕೂಗಬೇಕು, ಮಗಳು ತೆಗೆದುಕೊಳ್ಳಬೇಕು. "ಮಗಳಾ? ನೀವು ಈ ಮನಿ ಸೊಸಿ ಅಲ್ಲೇನ್ರೀ?" ಅಂದಳು ಮದುಮಗಳ ತಾಯಿ. "ಬಿರಾಜದಾರರ ಸೊಸಿ. ಹಂಡೆಯವರ ಮಗಳು" ಅಂದೆ. ಹೇಳುವಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಆಮೇಲೆ ಸಂಗವ್ವನ ಕಥೆಯನ್ನು ಪೂರಾ ಹೇಳಿದೆ, ಅಳಿಯ ಹಂಡೆ ಕೆಡವಿದ್ದನ್ನೂ ಬಿಡದೆ. ಈಗ ಹಂಡೆ ಒಯ್ಯಲು ಬಂದ ಹೆಂಗಸರು ಮೊದಲು ಆ ತಗ್ಗು ಎಲ್ಲಿದೆ ಅಂತ ಕೈಯಾಡಿಸಿ ನೋಡುತ್ತಾರೆ.

ಒಂದು ಮಧ್ಯಾಹ್ನ ಪೇಟೆಯಿಂದ ಬಂದರೆ ಖಾನಾವಳಿ ಮುಂದೆ ಪೇಂಟರು ಏಣಿ ಇಳಿಯುತ್ತಿದ್ದ. ಬಿಸಿಲಿಗೆ ಮಾಸಿದ್ದ ಬಿರಾಜದಾರ ಎಂಬ ಬೋರ್ಡು ಗೋಡೆಗೆ ಒರಗಿತ್ತು. ಮೇಲೆ ಹೊಸದು. ಮರಾಠಿಯಲ್ಲಿ ದೊಡ್ಡದಾಗಿ, ಕೆಳಗೆ ಕನ್ನಡದಲ್ಲಿ, ಹಂಡೆ ಖಾನಾವಳಿ. ನನ್ನ ಕೈಯ ಚೀಲ ಜಾರಿ ಬದನೆಕಾಯಿ ರಸ್ತೆ ತುಂಬ ಉರುಳಿತು.

"ರೀ, ಇದೇನ್ರೀ ಇದು? ನಿಮ್ಮ ಮಂದಿ ಏನಂತಾರ?"

"ಗಿರಾಕಿ ಎಲ್ಲಾ ಹಂಗೇ ಅನ್ಲತ್ತಾರ. ಬ್ಯಾರೆ ಹೆಸರು ಬರಸಿದ್ರ ಹುಡುಕ್ಯಾಡ್ತಾರ" ಅಂದರು. ಆಮೇಲೆ ಬಗ್ಗಿ ಬದನೆಕಾಯಿ ಆರಿಸುತ್ತಾ, "ಬಸಲಿಂಗಪ್ಪ ಮುತ್ತ್ಯಾಗ ನಡೀತು. ನಂಗ್ಯಾಕ ನಡೆಂಗಿಲ್ಲ?" ಅಂದರು. ಇಂಥ ಅಳಿಯನನ್ನು ಹುಡುಕಿದ್ದಕ್ಕೆ ನಿನಗೆ ಶರಣು, ಅಪ್ಪಾ. ಬದುಕಿದ್ದಾಗ ಹೇಳಿದ್ದರೆ ನೀನು ಹಿಗ್ಗಿ ಹೀರೇಕಾಯಿ ಆಗುತ್ತಿದ್ದೆ.

ರಾಜಣ್ಣನ ಫೋನು ಬಂದಾಗ ನಾನು ಜೋಳದ ಹಿಟ್ಟು ನಾದುತ್ತಿದ್ದೆ. ಮಗಳ ಮದುವೆ ಗೊತ್ತಾಗಿತ್ತು. ಫಂಕ್ಷನ್ ಹಾಲು, ಕೇಟರಿಂಗು, ಎಲ್ಲ ದೊಡ್ಡದಾಗಿ ಮಾಡಿಸಿದ್ದ. ಆದರೆ ಮಗಳು ಒಂದೇ ಹಟ ಹಿಡಿದಿದ್ದಳಂತೆ, ಸುರಗಿ ನೀರು ಹಂಡೆಯದೇ ಆಗಬೇಕು. ಫೋನಿನಲ್ಲಿ ಬಹಳ ಹೊತ್ತು ಊರ ಮಾತು, ಹವೆಯ ಮಾತು ಆಡಿದ. ಬಾಯಿ ಬಿಟ್ಟು ಕೇಳುವತನಕ ನಾನೂ ಹೂಂಗುಟ್ಟುತ್ತಾ ಹಿಟ್ಟು ನಾದಿದೆ. ಕೇಳಿದ ಮೇಲೆ, "ಕೊಡಲ್ಲ ಅನ್ನೋದು ಈ ಹಂಡೆಗಿ ಗೊತ್ತಿಲ್ಲ, ಅಣ್ಣಾ. ಒಯ್ಯಿ. ರಿವಾಜ ನಿಂಗ ಗೊತ್ತದ" ಅಂದೆ.

ಇವತ್ತು ಬೆಳಿಗ್ಗೆ ಅವನು ಹಂಡೆ ತಿರುಗಿ ತಂದ. ಆಳನ್ನು ಕಳಿಸಲಿಲ್ಲ, ತಾನೇ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಿಂದೆ ಟೆಂಪೋದಲ್ಲಿ ಹಂಡೆ. ನಾನು ಒಳಗೆ ಕಿಟಕಿಯಿಂದ ನೋಡುತ್ತಾ ನಿಂತೆ, ಬೇಕಂತಲೇ ಹೊರಗೆ ಹೋಗಲಿಲ್ಲ. ಹೆದ್ದಾರಿಯಲ್ಲಿ ಲಾರಿ ಮೇಲೆ ಲಾರಿ. ಗಿರಾಕಿಗಳೆಲ್ಲಾ ಅವನನ್ನೇ ನೋಡುತ್ತಿದ್ದರು. ಮೊದಲು ಸಣ್ಣ ದನಿಯಲ್ಲಿ ಅಂದ, ಕೇಳಿಸಿದರೂ ಕೇಳಿಸದವಳ ಹಾಗಿದ್ದೆ. ಕೊನೆಗೆ ಎದೆ ತುಂಬ ಉಸಿರು ತೆಗೆದುಕೊಂಡು, "ಹಂಡೆ ಬಂತ್ರೀ!" ಎಂದು ಕೂಗಿದ. ಹೆಸರು ಮುಗೀತು ಅಂದಿದ್ದ ಅದೇ ಬಾಯಿ, ಅಪ್ಪಾ.

ನನ್ನ ಎರಡೂ ಕೈ ಹಿಟ್ಟು. ಬಾಯಿ ತಾನಾಗಿ ತೆರೆಯಿತು. "ಮಗಳ ಎಲ್ಲಿದ್ದಾಳ? ಹಂಡೆ ಬಾಗಲಾಗ ಬಂದು ನಿಂತದ, ಮಗಳಿಗಿ ಕರೀರಿ!" ಕೂಗಿದ ಮೇಲೆ ಬೆಚ್ಚಿದೆ. ಅದು ನನ್ನ ದನಿಯೇ ಆಗಿರಲಿಲ್ಲ, ನಿನ್ನದು. ಒಳಗಿನಿಂದ ನನ್ನ ಮಗಳು ಪೂಜಾ ಬಂದಳು. ಏಳು ತಿಂಗಳ ಬಸುರಿ, ಬಾಣಂತನಕ್ಕೆಂದು ತವರಿಗೆ ಬಂದಿದ್ದಾಳೆ. ಮೆಲ್ಲಗೆ ಹೋಗಿ ಹಂಡೆಯೊಳಗೆ ಕೈ ಇಳಿಸಿದಳು. ಜೋಳ, ಗಿಟಕು ಕೊಬ್ಬರಿ, ಬೆಲ್ಲದ ಹೆಂಟೆ. ಅವಳ ಉಡಿ ತುಂಬಿತು.

ರಾಜಣ್ಣ ಕಟ್ಟೆಯ ಮೇಲೆ ಕೂತು ನೀರು ಕುಡಿದ. "ನಂದಾ, ಸುರಗಿ ಆಗೋವಾಗ ಬೀಗರು ಕೇಳಿದ್ರು, ಈ ತಗ್ಗು ಯಾಂಗ ಬಿತ್ತು ಅಂತ. ಆನಿದು ಬಾಯಿಗಿ ಬಂದಿತ್ತು. ಮಗಳ ಮಾರಿ ನೋಡಿದೆ, ಖರೇನೇ ಹೇಳಿಬಿಟ್ಟೆ. ನಮ್ಮ ಮುತ್ತ್ಯಾ ಘರಜಾವಾಯಿ, ನಮ್ಮ ಹೆಸರು ಹೆಣ್ಣಮಗಳದು, ನಾವು ಹಂಡೆಯವರು ಅಂದೆ."

"ಬೀಗರು ಏನಂದ್ರು?"

"ನಕ್ರು. ಆಮ್ಯಾಲ ಅವರ ಆಯಿ ಕೇಳಿದ್ಲು, ನಮ್ಮ ಮನಿ ಲಗ್ನಕ್ಕೂ ಹಂಡೆ ಕೊಡ್ತಾರೇನು ಅಂತ."

ಕೇಳಿದೆಯಾ ಅಪ್ಪಾ? ನೀನು ಕಪಾಳಕ್ಕೆ ತಿಂದ ಮಾತನ್ನು ಇವತ್ತು ಬೀಗರ ಮುಂದೆ ತಲೆಯೆತ್ತಿ ಹೇಳುತ್ತಾರೆ. ಪೂಜಾಳಿಗೆ ಹೆಣ್ಣು ಹುಟ್ಟಲಿ, ಗಂಡು ಹುಟ್ಟಲಿ, ಆ ಕೂಸಿಗೆ ಮೊದಲು ಎರೆಯುವ ನೀರು ಇದರಲ್ಲೇ ಕಾಯುತ್ತದೆ. ಹೆಣ್ಣಾದರೆ ಸಂಗವ್ವನ ಹೆಸರು ಇಡೋಣ ಅಂತ ಪೂಜಾಳ ಗಂಡನೇ ಹೇಳಿದ್ದಾನೆ. ತಲೆ ಹಂಡೆಯ ಅಂಚು ದಾಟುವಷ್ಟು ಬೆಳೆದ ದಿನ ಅವಳನ್ನೂ ಎತ್ತಿ ಹಂಡೆಯೊಳಗೆ ನಿಲ್ಲಿಸುತ್ತೇನೆ, ಇದು ನಿನಗೆ ನನ್ನ ಮಾತು. ಆನೆಯ ಕಥೆಯನ್ನೂ ಹೇಳುತ್ತೇನೆ, ಅದು ನಿನ್ನದಲ್ಲವೇ. ನಾಳೆ ಬೆಳಿಗ್ಗೆ ಹಂಡೆ ಮತ್ತೊಂದು ಮದುವೆಗೆ ಹೋಗಬೇಕು. ಪೂಜಾ ಆಗಲೇ ಹುಣಸೆಹಣ್ಣು ನೆನೆಹಾಕಿ, ತಿಕ್ಕಲು ಬಾ ಅಂತ ಕರೆಯುತ್ತಿದ್ದಾಳೆ.

ನಿನ್ನ ಮಗಳು,
ಮಹಾನಂದಾ ಹಂಡೆ